ಹಳೆ ಡೆಸ್ಕ್‌ಟಾಪ್ ಗುಜರಿಗೆ ಹಾಕುವ ಮೊದಲು

ನಮ್ಮ ಕಾರವಾರದ ಉಪ್ಪುಗಾಳಿಗೆ ಹಳೆ ಕಂಪ್ಯೂಟರ್ ಬೇಗ ಮುನಿಸಿಕೊಳ್ಳುತ್ತದೆ. ಫ್ಯಾನ್ ತಿರುಗಿದರೂ ಪರದೆ ಕಪ್ಪಗಿದ್ದರೆ ಮದರ್‌ಬೋರ್ಡೇ ಹೋಯ್ತು ಅಂದ್ಕೋಬೇಡಿ. ಕರೆಂಟ್ ವೈರ್ ಕಿತ್ತು, ಒಳಗಿನ ಮೆಮೊರಿ ಪಟ್ಟಿ, ಅಂದರೆ ರ‍್ಯಾಮ್ ಹೊರಗೆ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿ. ನನ್ನ ಪೆಂಟಿಯಂ 4 ಹೀಗೇ ಎರಡು ಸಲ ಎದ್ದು ಕೂತಿದೆ!

ತಾರೀಖು ತಪ್ಪು ತೋರಿಸಿದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿ.

ರ‍್ಯಾಮ್ ಜಾಸ್ತಿ ಮಾಡುವವರೇ, ಡಿಡಿಆರ್2, ಡಿಡಿಆರ್3 ಎಂಬ ಎರಡು ತಲೆಮಾರಿನ ರ‍್ಯಾಮ್‌ಗೂ 240 ಪಿನ್ನೇ. ಆದರೆ ಕಚ್ಚು ಇರುವ ಜಾಗ ಬೇರೆ. ಕೂರದಿದ್ದರೆ ಒತ್ತಿ ತುರುಕಬೇಡಿ. ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಕಿಂಡಿ) ಇದ್ದರೆ ಮೊದಲು ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿ, ಕೊಟ್ಟ ದುಡ್ಡು ಅಲ್ಲೇ ಕಾಣುತ್ತದೆ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಸುಮ್ನೆ ಓಡಿಸಿ, ಒಳಗಿನ ತೇವ ಆರಲಿ.