ಸಂಜೆ ನಾಲ್ಕೂವರೆಯ ಸಿಟ್ಟು

ಎರಡು-ಮೂರು ವರ್ಷದ ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನನ್ನ ಮಗ ಒಂದನೇ ಕ್ಲಾಸಿಗೆ ಬಂದರೂ ತಟ್ಟೆ ಎಸೆಯುತ್ತಿದ್ದ, ತಂಗಿಗೆ ಹೊಡೆಯುತ್ತಿದ್ದ, ನನ್ನ ಕೈ ಕಚ್ಚುತ್ತಿದ್ದ. ನಾನೂ ಕಿರುಚುತ್ತಿದ್ದೆ. ಎರಡು ಸಲ ಹೊಡೆದೂಬಿಟ್ಟೆ. ಹೊಡೆದ ದಿನ ಅವನು ತಂಗಿಗೆ ಇನ್ನೂ ಜೋರಾಗಿ ಹೊಡೆದ. ಅದನ್ನು ನೋಡಿದ ಮೇಲೆ ಮಕ್ಕಳ ಆಪ್ತಸಮಾಲೋಚಕರ ಹತ್ತಿರ ಹೋದೆ.

ಅವರು ಮೊದಲು ಒಂದು ನೋಟ್‌ಬುಕ್ ಇಡಲು ಹೇಳಿದರು. ಪ್ರತಿ ಸಲ ಸಿಟ್ಟು ಬಂದಾಗ ಮೂರು ವಿಷಯ ಬರೆಯಬೇಕು. ಅದಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವು ಏನು ಮಾಡಿದೆವು. ಎರಡು ವಾರದಲ್ಲಿ 23 ಸಲ ಬರೆದೆ. ಅದರಲ್ಲಿ 14 ಸಲ ಸಂಜೆ ನಾಲ್ಕೂವರೆಯಿಂದ ಆರರ ಒಳಗೆ! ಸ್ಕೂಲ್ ವ್ಯಾನ್ ಇಳಿದು ಬರುವ ಹೊತ್ತು ಅದು. ಡಬ್ಬಿಯಲ್ಲಿ ಚಿತ್ರಾನ್ನ ಅರ್ಧ ಹಾಗೇ ಇರುತ್ತಿತ್ತು. ಹಸಿದು, ಸುಸ್ತಾಗಿ ಬಂದ ಮಗುವನ್ನು ಬಾಗಿಲಲ್ಲೇ ನಿಲ್ಲಿಸಿ ನಾನು ಹೋಮ್‌ವರ್ಕ್ ಏನು ಅಂತ ಕೇಳುತ್ತಿದ್ದೆ.

ಈಗ ಬಂದ ತಕ್ಷಣ ಬಾಳೆಹಣ್ಣು, ಬೇಯಿಸಿದ ಶೇಂಗಾ, ಇಲ್ಲವೇ ಮಂಡಕ್ಕಿ. ಅರ್ಧ ಗಂಟೆ ಯಾವ ಪ್ರಶ್ನೆಯೂ ಇಲ್ಲ. ಈ ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಇವನು ನಿದ್ದೆ ಮಾಡುತ್ತಿದ್ದದ್ದು ಬರೀ ಏಳೂವರೆ ಗಂಟೆ. ಬೇಗ ಮಲಗಲಿ ಅಂತ ರಾತ್ರಿ ಊಟವನ್ನೂ ಬೇಗ ಮಾಡಿಕೊಂಡೆವು.

ನಿಜವಾಗಿ ನೋವಾಗಿದ್ದು ನೋಟ್‌ಬುಕ್‌ನಲ್ಲಿ ‘ಆಮೇಲೆ ನಾವು ಏನು ಮಾಡಿದೆವು’ ಅನ್ನುವ ಮೂರನೇ ಸಾಲು ಓದಿದಾಗ. ‘ಮೊಬೈಲ್ ಕೊಟ್ಟೆ’ ಅಂತ ಒಂಬತ್ತು ಕಡೆ ನನ್ನ ಕೈಬರಹದಲ್ಲೇ ಇತ್ತು. ಮೊದಲು ಇಲ್ಲ ಅನ್ನುವುದು, ಹತ್ತು ನಿಮಿಷ ಕಿರುಚಿದ ಮೇಲೆ ಕೊಡುವುದು. ಅಂದರೆ ಹತ್ತು ನಿಮಿಷ ಕಿರುಚಿದರೆ ಸಿಗುತ್ತದೆ ಅಂತ ಕಲಿಸಿದ್ದು ನಾವೇ ಅಲ್ವಾ?

ಅವನು ಖುಷಿಯಾಗಿದ್ದ ಒಂದು ಭಾನುವಾರ ಹೇಳಿದೆವು: ದಿನಾ ಅರ್ಧ ಗಂಟೆ ಮೊಬೈಲ್, ಕಿರುಚಿದರೆ ಮಾತ್ರ ಸಿಗಲ್ಲ. ಮೊದಲ ವಾರ ಕಿರುಚಾಟ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಹೀಗಾಗುತ್ತದೆ, ಆಗ ಸೋಲಬೇಡಿ ಅಂತ ಸಮಾಲೋಚಕರು ಮೊದಲೇ ಹೇಳಿದ್ದರು. ಒಂದು ಸಂಜೆ 40 ನಿಮಿಷ ಕಿರುಚಿದ. "ಗಂಟಲು ಹರಿದುಹೋಗುತ್ತೆ, ಕೊಟ್ಬಿಡಮ್ಮ" ಅಂತ ಅತ್ತೆ ಕಣ್ಣೀರು ಹಾಕಿದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋದೆ. ನನ್ನ ಪ್ರಕಾರ ನಾವು ಮಾಡಿದ್ದರಲ್ಲಿ ಅದೇ ದೊಡ್ಡ ಕೆಲಸ. ಮನೆಯಲ್ಲಿ ಒಬ್ಬರು ಇಲ್ಲ ಅಂದು ಇನ್ನೊಬ್ಬರು ಕೊಟ್ಟರೆ ಏನೂ ನಡೆಯುವುದಿಲ್ಲ.

ಸಿಟ್ಟು ನೆತ್ತಿಗೇರಿದಾಗ ಬುದ್ಧಿ ಹೇಳುವುದನ್ನು ಬಿಟ್ಟೆ. ಆಗ ಅವನಿಗೆ ಏನೂ ಕೇಳಿಸುವುದಿಲ್ಲ. ತಂಗಿಯನ್ನು ಬೇರೆ ಕೋಣೆಗೆ ಕಳಿಸಿ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೇನೆ. "ನಿಂಗೆ ಸಿಟ್ಟು ಬಂದಿದೆ. ಹೊಡೆಯೋಕೆ ಬಿಡಲ್ಲ. ನಾನು ಇಲ್ಲೇ ಇದ್ದೀನಿ." ಇಷ್ಟೇ ಮಾತು. ಅವನು ಸಮಾಧಾನವಾದ ಮೇಲೆ ಚೆಲ್ಲಿದ್ದನ್ನು ಇಬ್ಬರೂ ಸೇರಿ ಎತ್ತುತ್ತೇವೆ.

ಮಗು ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ, ಶಾಲೆಯಲ್ಲೂ ಹೀಗೇ ಆಗುತ್ತಿದ್ದರೆ ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಎಲ್ಲಿ ಹೋಗಬೇಕೆಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಐದು ತಿಂಗಳಾಯಿತು. ಈಗ ವಾರಕ್ಕೆ ಒಂದೋ ಎರಡೋ ಸಲ, ಅದೂ ಐದು ನಿಮಿಷ. ಮದುವೆ ಮನೆಗಳಲ್ಲಿ ಮಾತ್ರ ಇನ್ನೂ ಕಷ್ಟ. ಊಟದ ಪಂಕ್ತಿ ತಡವಾಗುತ್ತದೆ, ಗದ್ದಲ ಬೇರೆ. ಅದಕ್ಕೇ ಶೇಂಗಾ ಚಿಕ್ಕಿಯ ಡಬ್ಬಿ ನನ್ನ ಬ್ಯಾಗಿನಲ್ಲಿ ಇದ್ದೇ ಇರುತ್ತದೆ.