ಸುಶಿ ಅನ್ನಕ್ಕೆ ಬೀಸಣಿಗೆ ಬೇಕು

ಸುಶಿ ಎಂದರೆ ಹಸಿ ಮೀನು ಎಂದುಕೊಂಡೇ ನಾನೂ ಜಪಾನಿನ ಒಸಾಕಾಕ್ಕೆ ಬಂದದ್ದು. ಬರೀ ಹಸಿ ಮೀನಿನ ಹೋಳು ಸಾಶಿಮಿ. ಸುಶಿಯಾಗುವುದು ಹುಳಿ ಬೆರೆಸಿದ ಅನ್ನದಿಂದ. ಅದರ ಜೊತೆ ಬರೀ ಸೌತೆಕಾಯಿ ಇಟ್ಟರೂ ಸುಶಿಯೇ. ಮನೆಯಲ್ಲಿ ಮಾಡಿದ್ದು ಕೆಡುವುದೂ ಹೆಚ್ಚಾಗಿ ಅನ್ನದಲ್ಲೇ.

ನಮ್ಮ ಸೋನಾ ಮಸೂರಿ ಆಗದು, ಉದುರಿಹೋಗುತ್ತದೆ. ಜಪಾನಿನ ಗುಂಡಕ್ಕಿಯೇ ಬೇಕು. 300 ಗ್ರಾಂ ಅಕ್ಕಿ ಚೆನ್ನಾಗಿ ತೊಳೆದು, ಅರ್ಧ ಗಂಟೆ ನೆನೆಸಿ, ದಿನದ ಅನ್ನಕ್ಕಿಂತ ತುಸು ಕಡಿಮೆ ನೀರಿಟ್ಟು ಬೇಯಿಸಿ. ಅದಕ್ಕೆ 50 ಮಿ.ಲೀ. ಅಕ್ಕಿ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು. ಮೊದಲ ಸಲ ನಾನು ಚಿತ್ರಾನ್ನದ ಅಭ್ಯಾಸದಲ್ಲಿ ಅನ್ನ ಪೂರ್ತಿ ಆರಿದ ಮೇಲೆ ಹುಳಿ ಹಾಕಿದೆ. ಅಗುಳಿಗೆ ಹಿಡಿಯಲೇ ಇಲ್ಲ, ಎಲ್ಲ ತಳದಲ್ಲಿ ನಿಂತಿತು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ, ನಕ್ಕು, ಮಾಡಿ ತೋರಿಸಿದರು. ಹಬೆಯಾಡುವ ಅನ್ನದ ಮೇಲೇ ವಿನೆಗರ್ ಸುರಿಯಬೇಕು. ಸಟ್ಟುಗವನ್ನು ಓರೆಯಾಗಿ ಹಿಡಿದು ಕೊಯ್ದ ಹಾಗೆ ಎಳೆಯಬೇಕು, ಕಲಸಿ ಮುದ್ದೆ ಮಾಡಬಾರದು. ಬೆರೆತ ಮೇಲೆ ಬೀಸಣಿಗೆ. ಅಜ್ಜಿ ಎರಡು ಬೀಸು ಬೀಸಿದ್ದೇ ತಡ, ಅಗುಳುಗಳು ಎಣ್ಣೆ ಸವರಿದ ಹಾಗೆ ಹೊಳೆಯತೊಡಗಿದವು. ಇನ್ನೂ ಕೈಗೆ ಬೆಚ್ಚಗೆ ತಾಗುವಾಗಲೇ ಒದ್ದೆ ಬಟ್ಟೆ ಮುಚ್ಚಿಡಿ. ಫ್ರಿಜ್ಜಿಗಂತೂ ಬೇಡ, ಅನ್ನ ಗಟ್ಟಿಯಾಗಿ ಹರಳುಹರಳಾಗುತ್ತದೆ.

ಅನ್ನದ ಉಂಡೆ ಕೈಯಲ್ಲಿ ಅದುಮಿ ಮೇಲೆ ಮೀನಿನ ಹೋಳಿಡುವ ನಿಗಿರಿ ವರ್ಷಗಟ್ಟಲೆ ಕಲಿತವರ ಕೆಲಸ. ಮನೆಗೆ ತೆಮಾಕಿ ಸಾಕು. ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆ, ಅನ್ನ, ಹೋಳು ಎಲ್ಲ ಮೇಜಿನ ನಡುವೆ ಇಟ್ಟುಬಿಡಿ, ವೀಳ್ಯ ಮಡಚಿದ ಹಾಗೆ ಅವರವರೇ ಸುತ್ತಿಕೊಳ್ಳುತ್ತಾರೆ. ಸುತ್ತಿದ ಕೂಡಲೇ ತಿನ್ನಬೇಕು.

ಮೀನಿನ ಮಾತು. ನಾನು ಕುಂದಾಪುರದವಳು, ಕಿವಿರು ಎತ್ತಿ ನೋಡದೆ ಮೀನು ಕೊಂಡವಳಲ್ಲ. ಇಲ್ಲಿ ಆ ವಿದ್ಯೆ ಸಾಲದು. ತಾಜಾ ಮೀನೆಲ್ಲ ಹಸಿ ತಿನ್ನುವ ಮೀನಲ್ಲ. ಅಂಗಡಿಯ ಚೀಟಿಯಲ್ಲಿ 'ಸಾಶಿಮಿ-ಯೋ' ಎಂದಿದ್ದರೆ ಹಸಿ ತಿನ್ನಬಹುದು, 'ಕಾನೆತ್ಸು-ಯೋ' ಎಂದಿದ್ದರೆ ಬೇಯಿಸಲಿಕ್ಕೆ. ಓದಲು ಬಾರದಿದ್ದರೆ ಕೇಳಿ, ನಾಚಿಕೆ ಬೇಡ. ನಮ್ಮ ಬಂಗುಡೆಯ ಬಳಗದ ಸಾಬಾ, ಬೊಂಡಾಸ ಇವುಗಳಲ್ಲಿ ಅನಿಸಾಕಿಸ್ ಎಂಬ ಹುಳು ಇರಬಹುದು. ಅದು ವಿನೆಗರಿಗೂ, ವಸಾಬಿ ಎಂಬ ಖಾರದ ಹಸಿರು ಮುದ್ದೆಗೂ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಹೆಪ್ಪುಗಟ್ಟಬೇಕು, ಇಲ್ಲವೇ ಬೇಯಬೇಕು. ಹೋದ ಸಲ ಊರಿಗೆ ಹೋದಾಗ ಗಂಗೊಳ್ಳಿ ಬಂದರಿನ ಬಂಗುಡೆ ಕಂಡು ಮೊಮ್ಮಗ, 'ಅಜ್ಜಿ, ಸಾಶಿಮಿ ಮಾಡುವ' ಅಂದ. ನಾನು ಸಾರೇ ಮಾಡಿದೆ. ಬಸುರಿಯರಿಗೂ ಹಸಿ ಹೋಳು ಬಡಿಸುವುದಿಲ್ಲ.

ಹೆಪ್ಪುಗಟ್ಟಿದ ಟ್ಯೂನಾ ತಂದರೆ ಒಂದು ಲೀಟರ್ ಬೆಚ್ಚನೆ ನೀರಿಗೆ 30 ಗ್ರಾಂ ಉಪ್ಪು ಹಾಕಿ ಒಂದೆರಡು ನಿಮಿಷ ಮುಳುಗಿಸಿ, ಒರೆಸಿ, ಕಾಗದ ಸುತ್ತಿ ಫ್ರಿಜ್ಜಿನಲ್ಲಿ ಕರಗಲು ಬಿಡಿ. ಕೊಯ್ಯುವಾಗ ಗರಗಸ ಆಡಿಸಬೇಡಿ, ಚೂರಿಯ ಬುಡದಿಂದ ತುದಿಯವರೆಗೆ ಒಂದೇ ಎಳೆತ.

ಹೊರಗೆ ತಿನ್ನುವಾಗ ನಿಗಿರಿಯ ಅನ್ನವನ್ನು ಸೋಯಾ ಸಾಸಿನಲ್ಲಿ ಅದ್ದಬೇಡಿ, ಉದುರಿ ಬಟ್ಟಲು ಗಂಜಿಯಾಗುತ್ತದೆ. ಮಗುಚಿ ಮೀನಿನ ಬದಿ ತಾಗಿಸಿ. ಕೈಯಲ್ಲೇ ತಿನ್ನಬಹುದು, ಯಾರೂ ಏನೂ ಅನ್ನುವುದಿಲ್ಲ. ಮಕ್ಕಳಿಗೆ ವಸಾಬಿ ಬೇಡವಾದರೆ 'ಸಾಬಿ-ನುಕಿ' ಎನ್ನಿ. ತಟ್ಟೆಗಳು ಪಟ್ಟಿಯ ಮೇಲೆ ತಿರುಗಿ ಬರುವ ಕಾಯಿತೆನ್ ಅಂಗಡಿ ಹುಟ್ಟಿದ್ದು ನಮ್ಮ ಒಸಾಕಾದ ಮಗ್ಗುಲಲ್ಲೇ, 1958ರಲ್ಲಿ. ಅಲ್ಲಿ ಮೇಜಿನ ಮೇಲೆ ಕಪ್ಪು ಗುಂಡಿಯ ಸಣ್ಣ ನಲ್ಲಿ ಇರುತ್ತದೆ. ಕೈ ತೊಳೆಯಲಿಕ್ಕೆ ಎಂದು ನಾನು ಬೆರಳೊಡ್ಡಿ ಒತ್ತಿದೆ. ಚಹಾದ ಬಿಸಿನೀರು! ಸೊಸೆ ಐಸ್ ತರುವವರೆಗೆ ಬೆರಳು ಬಾಯಲ್ಲಿಟ್ಟುಕೊಂಡು ಕೂತಿದ್ದೆ.

ಸಸ್ಯಾಹಾರಿಗಳು ಬಂದರೆ ಎಚ್ಚರ. ತೋಫು (ಸೋಯಾ ಪನೀರು) ಚೀಲಕ್ಕೆ ಅನ್ನ ತುಂಬಿದ ಇನಾರಿ ನೋಡಲು ಸಾಧು, ಆದರೆ ಆ ತೋಫುವನ್ನು ಸಾಮಾನ್ಯವಾಗಿ ದಾಶಿ ಎಂಬ ಮೀನಿನ ತಿಳಿಸಾರಿನಲ್ಲೇ ಕುದಿಸಿರುತ್ತಾರೆ. ಮೊಟ್ಟೆಯ ತಮಾಗೋದಲ್ಲೂ ಅದೇ ದಾಶಿ. ನಮ್ಮ ಬೀಗಿತ್ತಿ ಬಂದಾಗ ಅನ್ನದಿಂದ ಹಿಡಿದು ಎಲ್ಲ ಮನೆಯಲ್ಲೇ ಮಾಡಿ ಸೌತೆಕಾಯಿಯ ಕಪ್ಪಾ ಮಾಕಿ ಸುತ್ತಿಕೊಟ್ಟೆ. ಎರಡು ಸುರುಳಿ ಮುಗಿಸಿ, ಉಪ್ಪಿನಕಾಯಿ ಇದೆಯಾ ಎಂದು ಕೇಳಿದರು. ಇತ್ತು, ಕೊಟ್ಟೆ.