ಪಾರ್ಕಿನ್ಸನ್ ಕಾಯಿಲೆ: ವಿಟಮಿನ್ ಮಾತ್ರೆ ಯಾವುದು ಬೇಕು, ವ್ಯಾಯಾಮ ಯಾವ ಹೊತ್ತಿಗೆ, ಹೇಗೆ

ಮನೆಯಲ್ಲೊಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ತಿಳಿದ ವಾರದೊಳಗೆ ನೋಡಲು ಬಂದವರೆಲ್ಲ ಒಂದೊಂದು ಪೂರಕ ಮಾತ್ರೆಯ ಹೆಸರು ಹೇಳಿ ಹೋಗುತ್ತಾರೆ. ವ್ಯಾಯಾಮದ ಮಾತೆತ್ತುವವರು ಮಾತ್ರ ಅಪರೂಪ. ತಂದೆಯವರ ಆರೈಕೆ ಮಾಡಿದ ಅನುಭವದಿಂದ ಹೇಳುವುದಾದರೆ, ಇದು ತಲೆಕೆಳಗಾದ ಕ್ರಮ. ವಿಟಮಿನ್ ಮಾತ್ರೆ ಬೇಕಾಗುವುದು ರಕ್ತಪರೀಕ್ಷೆಯಲ್ಲಿ ಕೊರತೆ ಕಂಡಾಗ. ವ್ಯಾಯಾಮವಾದರೋ ಎಲ್ಲರಿಗೂ ಬೇಕು, ಅದೂ ಕಾಯಿಲೆ ಗೊತ್ತಾದ ದಿನದಿಂದಲೇ ಬೇಕು. ಎರಡನ್ನೂ ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೋಪಾ ಮಾತ್ರೆಯ ವೇಳೆಗೆ ಹೊಂದಿಸಿಕೊಳ್ಳದಿದ್ದರೆ ಪಟ್ಟ ಶ್ರಮದ ಪೂರ್ತಿ ಫಲ ಸಿಗದೆ ಹೋಗಬಹುದು.

ಆದ್ದರಿಂದ ಮೊದಲು ಲೆವೊಡೋಪಾ ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಳ್ಳಬೇಕು. ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ನಶಿಸುತ್ತಾ ಹೋಗುವುದರಿಂದ ಚಲನೆ ನಿಧಾನವಾಗುವುದು, ಮೈ ಬಿಗಿಯುವುದು, ಕೈ ನಡುಗುವುದು ಶುರುವಾಗುತ್ತದೆ. ಮಾತ್ರೆಯಲ್ಲಿರುವ ಲೆವೊಡೋಪಾ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ, ಅಲ್ಲಿಂದ ಮಿದುಳನ್ನು ಹೊಕ್ಕು ಡೋಪಮೈನ್ ಆಗಿ ಬದಲಾಗಬೇಕು. ಆಹಾರದ ಪ್ರೋಟೀನ್‌ನಿಂದ ಬರುವ ಅಮೈನೋ ಆಮ್ಲಗಳು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಅದರೊಡನೆ ಪೈಪೋಟಿಗೆ ಇಳಿಯುತ್ತವೆ. ಹಾಗಾಗಿ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ನಂತರ ಮಾತ್ರೆ ತೆಗೆದುಕೊಳ್ಳಲು ಹೇಳುತ್ತಾರೆ. ಬರಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಪ್ರೋಟೀನ್ ಕಡಿಮೆಯಿರುವ ಒಂದೆರಡು ಬಿಸ್ಕತ್ತು ಸಾಕು. ಪ್ರೋಟೀನನ್ನೇ ಬಿಟ್ಟುಬಿಡಬಾರದು, ಸ್ನಾಯುಗಳಿಗೆ ಅದು ಬೇಕೇ ಬೇಕು.

ಕಬ್ಬಿಣದ ಮಾತ್ರೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕಬ್ಬಿಣವು ಲೆವೊಡೋಪಾಕ್ಕೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಆದ್ದರಿಂದ ಎರಡರ ನಡುವೆ ಕನಿಷ್ಠ 2 ಗಂಟೆ ಅಂತರವಿರಲಿ. ಹಲವು ಮಲ್ಟಿವಿಟಮಿನ್ ಮಾತ್ರೆಗಳಲ್ಲೂ ಕಬ್ಬಿಣ ಸೇರಿರುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಬೆಳಗಿನ ಮಾತ್ರೆ ಇದ್ದಕ್ಕಿದ್ದಂತೆ ಹಿಡಿಯದಂತಾದರೆ, ಪಕ್ಕದಲ್ಲಿ ಹೊಸದಾಗಿ ಬಂದು ಕುಳಿತಿರುವ ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನು ಒಮ್ಮೆ ಓದಿ ನೋಡಿ.

ಇನ್ನು ಒಂದೊಂದೇ ವಿಟಮಿನ್ ನೋಡೋಣ. ಬಿ12 ಮುಖ್ಯವಾದದ್ದು. ಬಹುಕಾಲ ಲೆವೊಡೋಪಾ ಸೇವಿಸುವವರಲ್ಲಿ ಬಿ12 ತಗ್ಗುವುದೂ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುವುದೂ ಕಂಡುಬರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಆ ಸಾಧ್ಯತೆ ಇನ್ನೂ ಹೆಚ್ಚು. ಪಾದ ಜೋಮು ಹಿಡಿಯುವುದು, ನೆಲದ ಸ್ಪರ್ಶ ಸರಿಯಾಗಿ ತಿಳಿಯದಿರುವುದು ಪಾರ್ಕಿನ್ಸನ್‌ನ ಭಾಗವೇ ಎಂದು ಸುಮ್ಮನಾಗದೆ ಬಿ12 ಪರೀಕ್ಷೆ ಮಾಡಿಸಲು ಕೇಳಿ. ಕೊರತೆಯಿದ್ದರೆ ಮಾತ್ರೆಯಿಂದಲೋ ಚುಚ್ಚುಮದ್ದಿನಿಂದಲೋ ಅದನ್ನು ಸರಿಪಡಿಸಬಹುದು.

ಬಿ6 ಬೇಡ, ಬಿ6 ಬೇಕು ಎಂಬ ಎರಡು ವಿರುದ್ಧ ಮಾತುಗಳು ಕಿವಿಗೆ ಬೀಳುತ್ತವೆ, ಎರಡಕ್ಕೂ ಕಾರಣವಿದೆ. ಲೆವೊಡೋಪಾವನ್ನು ಒಂಟಿಯಾಗಿ ಕೊಡುತ್ತಿದ್ದ ಕಾಲದಲ್ಲಿ ಬಿ6 ಅದರ ಬಲವನ್ನು ಕುಗ್ಗಿಸುತ್ತಿತ್ತು. ಈಗ ಅದರೊಡನೆ, ಮಿದುಳು ತಲುಪುವ ಮೊದಲೇ ಅದು ಡೋಪಮೈನ್ ಆಗದಂತೆ ತಡೆಯುವ ಕಾರ್ಬಿಡೋಪಾ ಅಥವಾ ಬೆನ್ಸೆರಾಜೈಡ್ ಸೇರಿರುವುದರಿಂದ ಆ ಭಯ ಬಹುತೇಕ ಇಲ್ಲ. ಆದರೆ ಕಾರ್ಬಿಡೋಪಾ ಬಿ6 ಅನ್ನೇ ಹಿಡಿದಿಟ್ಟುಕೊಳ್ಳುವುದರಿಂದ ಹೆಚ್ಚಿನ ಪ್ರಮಾಣದ ಮಾತ್ರೆ ಸೇವಿಸುವವರಲ್ಲಿ ಕೊರತೆ ಉಂಟಾಗಬಹುದು. ಹಾಗೆಂದು ತಾವಾಗಿಯೇ ಬಿ6 ತೆಗೆದುಕೊಳ್ಳುವುದು ಅಪಾಯ: ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಒಂದೂವರೆ ಮಿಲಿಗ್ರಾಂ ಆಸುಪಾಸು, ಮಾರಾಟಕ್ಕಿರುವ ಮಾತ್ರೆಗಳಲ್ಲಿ 50 ಅಥವಾ 100 ಮಿಲಿಗ್ರಾಂ ಇರುವುದುಂಟು, ಮತ್ತು ಅತಿಯಾದ ಬಿ6 ನರಗಳಿಗೇ ಹಾನಿ ಮಾಡುತ್ತದೆ.

ವಿಟಮಿನ್ ಡಿ ಕಾಯಿಲೆಯನ್ನು ತಡೆದು ನಿಲ್ಲಿಸುವುದಿಲ್ಲ. ಆದರೂ ಪಾರ್ಕಿನ್ಸನ್ ಇರುವವರಲ್ಲಿ ಅದರ ಕೊರತೆ ಸಾಮಾನ್ಯ, ಬೀಳುವ ಸಾಧ್ಯತೆಯೂ ಹೆಚ್ಚು. ಮೂಳೆ ಸವೆದವರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಪರೀಕ್ಷೆ ಮಾಡಿಸಿ, ವೈದ್ಯರು ಬರೆದಷ್ಟನ್ನೇ ತೆಗೆದುಕೊಳ್ಳಿ.

ದೊಡ್ಡ ಭರವಸೆ ಹುಟ್ಟಿಸಿ ಕೈಕೊಟ್ಟವೂ ಇವೆ. ವಿಟಮಿನ್ ಇ ಅನ್ನು ದಿನಕ್ಕೆ 2000 ಯೂನಿಟ್‌ನಂತೆ, 800 ರೋಗಿಗಳಿದ್ದ ದೊಡ್ಡ ಪ್ರಯೋಗವೊಂದರಲ್ಲಿ ಪರೀಕ್ಷಿಸಿದರು; ಪ್ರಯೋಜನ ಕಾಣಲಿಲ್ಲ. ಕೋಎಂಜೈಮ್ ಕ್ಯೂ10 ಎಂಬ ಪೂರಕದ ಕುರಿತ 2014ರ ವರದಿಯೂ ಕ್ರಿಯಾಟಿನ್ ಎಂಬ ಪೂರಕದ ಕುರಿತ 2015ರ ವರದಿಯೂ ಇದನ್ನೇ ಹೇಳಿದವು. ಇವಕ್ಕೆ ಸುರಿಯುವ ಹಣವನ್ನು ಒಳ್ಳೆಯ ಫಿಸಿಯೋಥೆರಪಿಸ್ಟ್ ಬಳಿ ಖರ್ಚು ಮಾಡುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಸುಗುನ್ನಿ ಬೀಜದ ಪುಡಿಯ ವಿಷಯ ಬೇರೆ. ಅದರಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ, ಆದ್ದರಿಂದಲೇ ವೈದ್ಯರಿಗೆ ತಿಳಿಸದೆ ತೆಗೆದುಕೊಂಡರೆ ಔಷಧದ ಪ್ರಮಾಣ ಮಿತಿಮೀರಿ ಮೈ ತಾನಾಗಿಯೇ ತಿರುಚಿಕೊಳ್ಳುವುದು, ಭ್ರಮೆ, ರಕ್ತದೊತ್ತಡ ಕುಸಿತ ಉಂಟಾಗಬಹುದು. ಪೂರಕಗಳನ್ನು ನಂಬಿ ಲೆವೊಡೋಪಾವನ್ನು ಹಠಾತ್ತನೆ ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ ತರಬಲ್ಲದು.

ಈಗ ವ್ಯಾಯಾಮಕ್ಕೆ ಬರೋಣ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತನ್ನು ಆರಿಸಿಕೊಳ್ಳಿ. ಅನೇಕರಿಗೆ ಅದು ಮಾತ್ರೆ ನುಂಗಿದ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ನಂತರ ಬರುತ್ತದೆ. ವಾರಕ್ಕೆ ಒಟ್ಟು 150 ನಿಮಿಷಗಳ ಗುರಿ ಇರಲಿ. ಮೊದಲ ವಾರ ದಿನಕ್ಕೆ ಹತ್ತು ನಿಮಿಷವಾದರೂ ಸರಿಯೆ, ಆದರೆ ಕ್ರಮೇಣ ಉಸಿರು ಏರುವಷ್ಟು ಬಿರುಸಾಗಬೇಕು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇನ್ನೂ ಔಷಧ ಆರಂಭಿಸದ ರೋಗಿಗಳು ಆರು ತಿಂಗಳು ಟ್ರೆಡ್‌ಮಿಲ್ ಮೇಲೆ ಬಿರುಸಾಗಿ ನಡೆದಾಗ ಅವರ ಚಲನೆಯ ತೊಂದರೆಗಳು ಹೆಚ್ಚುಕಡಿಮೆ ಇದ್ದಂತೆಯೇ ಉಳಿದವು, ವ್ಯಾಯಾಮಕ್ಕಾಗಿ ಇನ್ನೂ ಸರದಿ ಕಾಯುತ್ತಿದ್ದವರಲ್ಲಿ ಅವು ಹೆಚ್ಚಿದವು. ಈ ಕಾಯಿಲೆಯಲ್ಲಿ ನಾಡಿ ಬಡಿತ ಶ್ರಮಕ್ಕೆ ತಕ್ಕಂತೆ ಏರದೆ ಇರಬಹುದಾದ್ದರಿಂದ ಅದನ್ನಷ್ಟೇ ನೆಚ್ಚಿಕೊಳ್ಳಬೇಡಿ; ಒಂದೆರಡು ಮಾತು ಆಡಲು ಸಾಧ್ಯವಾಗಬೇಕು, ಹಾಡು ಹೇಳಲು ಆಗಬಾರದು, ಅಷ್ಟು ಬಿರುಸು ಸಾಕು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇದರ ಜೊತೆ ವಾರಕ್ಕೆ ಎರಡು ಮೂರು ದಿನ ಸ್ನಾಯುಬಲದ ವ್ಯಾಯಾಮ, ಸಮತೋಲನಕ್ಕೆ ತಾಯ್ ಚಿ ಎಂಬ ನಿಧಾನ ಚಲನೆಯ ಚೀನೀ ವ್ಯಾಯಾಮದಂಥ ಅಭ್ಯಾಸ, ಬಿಗಿತಕ್ಕೆ ಮೈ ಸಡಿಲಿಸುವ ಚಲನೆಗಳು ಇರಲಿ.

ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮ ಮಾಡಿಕೊಳ್ಳಬಹುದು. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯ ಅಂಚಿಗೆ ಸರಿದು ಕುಳಿತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಬೇಕು. ಬಾಗದೆ ಏಳಲು ಹೋದಾಗಲೇ ಜನ ಹಿಂದಕ್ಕೆ ಕುಸಿದು ಕೂರುವುದು. ಕೂರುವಾಗ ಮೂರು ಎಣಿಸುತ್ತಾ ನಿಧಾನವಾಗಿ ಕೂತು, ಹೀಗೆ ಐದರಿಂದ ಹತ್ತು ಬಾರಿ ಮಾಡಿ. ಈ ಕಾಯಿಲೆ ಚಲನೆಯನ್ನು ಚಿಕ್ಕದಾಗಿಸುತ್ತದೆ, ಮಾಡುವವರಿಗೆ ಅದು ಚಿಕ್ಕದೆಂದು ತಿಳಿಯುವುದೂ ಇಲ್ಲ. ಆದ್ದರಿಂದ ಅತಿಯಾಯಿತು ಎನ್ನಿಸುವಷ್ಟು ದೊಡ್ಡದಾಗಿ ಕೈ ಬೀಸಿ, ದೊಡ್ಡ ಹೆಜ್ಜೆ ಇಡಿ.

ಬಾಗಿಲ ಹೊಸ್ತಿಲಲ್ಲಿ ಪಾದಗಳು ನೆಲಕ್ಕೆ ಅಂಟಿದಂತಾಗುವುದುಂಟು. ತಂದೆಯವರು ಹಾಗೆ ನಿಂತಾಗ ನಾನು ಆತುರದಿಂದ ಕೈ ಹಿಡಿದು ಎಳೆಯುತ್ತಿದ್ದೆ; ಮೈ ಮುಂದಕ್ಕೆ ಬರುತ್ತಿತ್ತು, ಕಾಲು ಬರುತ್ತಿರಲಿಲ್ಲ. ಎಳೆಯಬೇಡಿ. ನಿಲ್ಲಲು ಬಿಡಿ, ಒಂದು ಉಸಿರು ತೆಗೆದುಕೊಳ್ಳಲಿ, ಭಾರವನ್ನು ಎಡಕ್ಕೂ ಬಲಕ್ಕೂ ವಾಲಿಸಲಿ, ಬಳಿಕ ಎದುರಿಗೆ ಇಟ್ಟ ನಿಮ್ಮ ಪಾದವನ್ನು ದಾಟುವಂತೆ ಒಂದು ದೊಡ್ಡ ಹೆಜ್ಜೆ ಇಡಲಿ. ನೆಲಕ್ಕೆ ಅಂಟಿಸಿದ ಬಣ್ಣದ ಪಟ್ಟಿ, ಒಂದು ಎರಡು ಎಂಬ ಎಣಿಕೆ ಕೂಡ ನೆರವಾಗುತ್ತವೆ. ತಿರುಗುವಾಗ ನಿಂತಲ್ಲೇ ಗರಕ್ಕನೆ ತಿರುಗದೆ ಅರ್ಧ ವೃತ್ತದಲ್ಲಿ ನಡೆದು ತಿರುಗಬೇಕು.

ಮಲಗಿದವರು ಎದ್ದ ತಕ್ಷಣ ರಕ್ತದೊತ್ತಡ ಕುಸಿಯಬಹುದಾದ್ದರಿಂದ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತೇ ಏಳಬೇಕು. ವ್ಯಾಯಾಮದ ನಡುವೆ ತಲೆ ಸುತ್ತಿದರೆ ಕೂಡಲೇ ಕೂರಿಸಿ. ಎದೆನೋವು ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಒಂದು ಪುಸ್ತಕದಲ್ಲಿ ದಿನವೂ ನಾಲ್ಕು ವಿಷಯ ಬರೆದಿಡಿ: ಮಾತ್ರೆ ನುಂಗಿದ ಗಂಟೆ, ಊಟದ ಗಂಟೆ, ವ್ಯಾಯಾಮ ಮಾಡಿದ ನಿಮಿಷಗಳು, ಮೈ ಸಡಿಲವಾಗಿದ್ದ ಹೊತ್ತು. ಬಿದ್ದಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಲ ನರರೋಗ ತಜ್ಞರ ಬಳಿಗೆ ಹೋಗುವಾಗ ಆ ಪುಸ್ತಕದ ಜೊತೆಗೆ ಮನೆಯಲ್ಲಿರುವ ಎಲ್ಲ ಪೂರಕ ಮಾತ್ರೆಗಳ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅವರ ಮೇಜಿನ ಮೇಲಿಟ್ಟು, ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದನ್ನೂ ಕೇಳಿ.